ಹದಿನೇಳರ ಮಕ್ಕಳ ಅಧ್ಯಯನ ಕೊಠಡಿ

ಮೈಸೂರಿನ ಈ ಅನುದಾನಿತ ಪದವಿಪೂರ್ವ ಕಾಲೇಜಿನ ಗ್ರಂಥಾಲಯದೊಳಗಿಂದಲೇ ಇನ್ನೊಂದು ಕೊಠಡಿಗೆ ಬಾಗಿಲಿದೆ. ಮೇಲೆ ‘ಅಧ್ಯಯನ ಕೊಠಡಿ’ ಎಂಬ ಸಣ್ಣ ಫಲಕ. ‘ವಿಶೇಷ’ ಎಂದಾಗಲಿ ‘ಪರಿಹಾರ ಬೋಧನೆ’ ಎಂದಾಗಲಿ ಎಲ್ಲೂ ಬರೆದಿಲ್ಲ. ಮೊದಲು ಈ ಕೊಠಡಿಯ ಬಾಗಿಲು ವರಾಂಡದ ಕಡೆಗಿತ್ತಂತೆ. ಓಡಾಡುವವರೆಲ್ಲ ಒಳಗೆ ಯಾರು ಕೂತಿದ್ದಾರೆಂದು ಇಣುಕುತ್ತಿದ್ದರು, ಬರಬೇಕಾದ ಮಕ್ಕಳೇ ಬರುತ್ತಿರಲಿಲ್ಲ. ಆ ಬಾಗಿಲಿಗೆ ಬೀಗ ಹಾಕಿ ಗ್ರಂಥಾಲಯದ ಕಡೆಯದನ್ನು ತೆಗೆದರು. ಈಗ ಒಳಗೆ ಹೋಗುವವರು ಪುಸ್ತಕ ತರಲು ಹೋಗುತ್ತಿದ್ದಾರೋ ಇಲ್ಲಿಗೆ ಬರುತ್ತಿದ್ದಾರೋ ಹೊರಗಿನವರಿಗೆ ತಿಳಿಯುವುದಿಲ್ಲ. ಹದಿನೇಳರ ವಯಸ್ಸಿನವರಿಗೆ ಇದು ಎಷ್ಟು ದೊಡ್ಡ ವಿಷಯ ಎಂಬುದು ಆ ವಯಸ್ಸಿನ ಮಕ್ಕಳಿರುವ ಮನೆಯವರಿಗೆ ಗೊತ್ತು.

ಓದು, ಬರಹ, ಲೆಕ್ಕಗಳಲ್ಲಿ ಕಲಿಕೆಯ ತೊಡಕಿರುವ ಪಿಯು ವಿದ್ಯಾರ್ಥಿಗಳ ಬೆಂಬಲದ ಕೆಲಸವೆಲ್ಲ ನಡೆಯುವುದು ಇಲ್ಲಿಂದ. ಕಾಲೇಜಿನ ಹೆಸರು ಹಾಕಬಾರದು, ಹಾಕಿದರೆ ಮಕ್ಕಳ ಗುರುತು ಸಿಕ್ಕಿಬಿಡುತ್ತದೆ ಎಂದು ಪ್ರಾಂಶುಪಾಲರು ಕೇಳಿಕೊಂಡಿದ್ದಾರೆ. ಅವರ ಮಾತು ಸರಿಯಾದದ್ದು.

ಒಳಗೆ ಎರಡು ಉದ್ದನೆಯ ಮೇಜು, ಒಂದು ಗಾಡ್ರೆಜ್ ಬೀರು, ಹಳೆಯದೊಂದು ಕಂಪ್ಯೂಟರ್, ಕಿಟಕಿಯ ಪಕ್ಕ ಒಬ್ಬರೇ ಕೂತು ಬರೆಯುವ ಡೆಸ್ಕು. ಅಷ್ಟೇ ಸಾಮಾನು. ಮೇಜಿನ ಆ ಕಡೆ ಕೂತಿರುವ ಮೇಡಂ ಇಲ್ಲಿನ ಅರ್ಥಶಾಸ್ತ್ರದ ಉಪನ್ಯಾಸಕಿ. ಕೆಲವು ವರ್ಷಗಳಿಂದ ಅವರ ಬೋಧನೆಯ ಅವಧಿಗಳನ್ನು ಕಡಿಮೆ ಮಾಡಿ, ಉಳಿದ ಹೊತ್ತನ್ನು ಈ ಸಂಯೋಜನೆಯ ಕೆಲಸಕ್ಕೆ ಬಿಟ್ಟಿದ್ದಾರೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ವಿಶೇಷ ಶಿಕ್ಷಕಿಯೊಬ್ಬರು ವಾರದಲ್ಲಿ ಎರಡು ದಿನ ಬಂದು ಹೋಗುತ್ತಾರೆ. ಓದಿನ, ಬರಹದ ಕೌಶಲ ಕಲಿಸುವುದು ಅವರ ಕೆಲಸ. ಉಳಿದದ್ದೆಲ್ಲ ಮೇಡಂ ಹೆಗಲಿಗೆ.

‘ಉಳಿದದ್ದೆಲ್ಲ’ ಎಂದರೆ ಏನೆಂಬುದು ಗೋಡೆಯ ಮೇಲಿನ ದೊಡ್ಡ ಚಾರ್ಟು ನೋಡಿದರೆ ತಿಳಿಯುತ್ತದೆ. ಎಡಕ್ಕೆ ವಿದ್ಯಾರ್ಥಿಗಳ ಸಂಖ್ಯೆ (ಹೆಸರಿಲ್ಲ), ಮೇಲ್ಗಡೆ ತಿಂಗಳುಗಳು. ಜೂನ್ ಮನೆಯಲ್ಲಿ ಹತ್ತನೇ ತರಗತಿಯ ಕಾಗದಪತ್ರ, ಜುಲೈಯಲ್ಲಿ ಉಪನ್ಯಾಸಕರ ಸಭೆ, ಆಗಸ್ಟ್‌ನಲ್ಲಿ ಮರುಪರೀಕ್ಷೆಗೆ ಆಸ್ಪತ್ರೆಯ ದಿನಾಂಕ, ಆಮೇಲೆ ಪರೀಕ್ಷಾ ಅರ್ಜಿ, ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಗೊತ್ತು ಮಾಡುವುದು, ಹಾಲ್ ಟಿಕೆಟ್ ಬಂದಾಗ ಅದರಲ್ಲಿ ಸವಲತ್ತು ನಮೂದಾಗಿದೆಯೇ ಎಂದು ನೋಡುವುದು. ಪಕ್ಕದಲ್ಲಿ ಹುಟ್ಟಿದ ದಿನಗಳದೊಂದು ಪಟ್ಟಿ ಅಂಟಿಸಿದ್ದಾರೆ. ಅದೂ ಪ್ರಮಾಣಪತ್ರದ ಸಲುವಾಗಿಯೇ. ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರದ ಬಗ್ಗೆ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡಬಹುದು. 14ಕ್ಕೆ ಒಮ್ಮೆ, 18ಕ್ಕೆ ಒಮ್ಮೆ ಮತ್ತೆ ಪರೀಕ್ಷಿಸಬೇಕು. ಹದಿನೆಂಟಕ್ಕೆ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ.

ಹದಿನೆಂಟು ತುಂಬುವುದು ಯಾವಾಗ? ಹೆಚ್ಚಿನ ಮಕ್ಕಳಿಗೆ ದ್ವಿತೀಯ ಪಿಯು ಹೊತ್ತಿಗೆ, ಇಲ್ಲವೇ ಅದು ಮುಗಿದ ಬೆನ್ನಿಗೆ. ಪರೀಕ್ಷೆ, ಸಿಇಟಿ, ಪದವಿ ಪ್ರವೇಶ ಎಲ್ಲ ಒಟ್ಟಿಗೆ ನುಗ್ಗಿ ಬರುವ ಹೊತ್ತಿನಲ್ಲೇ ಹಳೆಯ ಪ್ರಮಾಣಪತ್ರದ ಅವಧಿ ಮುಗಿಯುತ್ತದೆ. ತಂದೆತಾಯಿಗೆ ಅದು ನೆನಪಿರುವುದಿಲ್ಲ, ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಈ ಪಟ್ಟಿಯೊಂದು ಗೋಡೆಯ ಮೇಲಿರುವುದರಿಂದ ಇಲ್ಲಿನ ಮಕ್ಕಳಿಗೆ ಆ ಕಷ್ಟ ತಪ್ಪಿದೆ.

ಬೀರುವಿನಲ್ಲಿ ಕಡತಗಳು. ಒಂದನ್ನು, ಹೆಸರಿರುವ ಹಾಳೆ ತೆಗೆದಿಟ್ಟು, ನನ್ನ ಮುಂದೆ ಬಿಚ್ಚಿದರು. ಹತ್ತನೇ ತರಗತಿಯಲ್ಲಿ ಈ ಹುಡುಗಿಗೆ ಹೆಚ್ಚುವರಿ ಸಮಯ ಸಿಕ್ಕಿತ್ತು, ಸ್ಕ್ರೈಬ್ ಸಿಕ್ಕಿತ್ತು, ಅವಳ ತೊಡಕು ಏನೆಂದು ಪೂರ್ತಿ ಅರಿತ ಶಿಕ್ಷಕರೊಬ್ಬರಿದ್ದರು. ಕಾಲೇಜಿಗೆ ಬಂದಾಗ ಅವಳ ಜೊತೆ ಬಂದದ್ದು ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ-ಆದಾಯ ಪ್ರಮಾಣಪತ್ರ. ಉಳಿದ ತಿಳಿವಳಿಕೆಯೆಲ್ಲ ಪ್ರೌಢಶಾಲೆಯಲ್ಲೇ ಉಳಿಯಿತು. ನಮ್ಮಲ್ಲಿ ಹತ್ತನೇ ತರಗತಿ ಮುಗಿದರೆ ಕಟ್ಟಡ ಬದಲಾಗುತ್ತದೆ, ಇಲಾಖೆ ಬದಲಾಗುತ್ತದೆ, ಮೇಷ್ಟ್ರು ಹೋಗಿ ಲೆಕ್ಚರರ್ ಬರುತ್ತಾರೆ, ಒಂದೊಂದು ಸೆಕ್ಷನ್ನಿನಲ್ಲಿ ಎಂಬತ್ತು ತೊಂಬತ್ತು ಮಕ್ಕಳು ಕೂರುತ್ತಾರೆ. ತೊಡಕು ಮಾತ್ರ ಬದಲಾಗದೆ ಜೊತೆಗೇ ಬರುತ್ತದೆ. ಹಾಗಾಗಿ ಪ್ರತಿ ಜೂನ್‌ನಲ್ಲೂ ಮೇಡಂ ಸುತ್ತಲಿನ ಪ್ರೌಢಶಾಲೆಗಳಿಗೆ ತಾವೇ ಫೋನ್ ಮಾಡಿ, ಪೋಷಕರ ಒಪ್ಪಿಗೆ ಪಡೆದು, ಅಲ್ಲಿ ಏನೇನು ಮಾಡುತ್ತಿದ್ದರು ಎಂದು ವಿಚಾರಿಸುತ್ತಾರೆ. ಈ ಕೊಠಡಿಯಲ್ಲಿ ನಡೆಯುವ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ಕಂಡದ್ದು ಇದು. ಖರ್ಚು ಏನೂ ಇಲ್ಲ, ಮಾಡುವವರು ಬೇಕು.

ಕಡತದ ಮೊದಲ ಹಾಳೆ ಉಪನ್ಯಾಸಕರಿಗೆ ಹೋಗುವ ಚೀಟಿ. ಒಂದೇ ಪುಟ. ಅದರಲ್ಲಿ ಓದಿನ ತೊಡಕಿಗೆ ವೈದ್ಯರು ಹೇಳುವ ಡಿಸ್ಲೆಕ್ಸಿಯಾ ಎಂಬ ಮಾತೇ ಇಲ್ಲ. ಬದಲಿಗೆ: ‘ಬಾಯಲ್ಲಿ ಕೇಳಿದರೆ ಚೆನ್ನಾಗಿ ಉತ್ತರಿಸುತ್ತಾಳೆ. ಕಪ್ಪು ಹಲಗೆಯಿಂದ ನಕಲು ಮಾಡುವಾಗ ಸಾಲು ತಪ್ಪುತ್ತಾಳೆ. ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ. ನೋಟ್ಸಿನ ಜೆರಾಕ್ಸ್ ಪ್ರತಿಯನ್ನು ಹಿಂದಿನ ದಿನವೇ ಕೊಡಿ. ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ.’ ಮೊದಮೊದಲು ವೈದ್ಯಕೀಯ ವರದಿಯ ಪ್ರತಿಯನ್ನೇ ಹಂಚುತ್ತಿದ್ದರಂತೆ. ಯಾರೂ ಓದುತ್ತಿರಲಿಲ್ಲ. ಓದಿದವರಿಗೂ ನಾಳೆ ತರಗತಿಯಲ್ಲಿ ತಾವೇನು ಮಾಡಬೇಕು ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ.

ಚೀಟಿಯಿಂದ ಏನಾಯಿತು ಎಂದು ನೋಡಲು ವಾಣಿಜ್ಯ ವಿಭಾಗದ ಲೆಕ್ಕಶಾಸ್ತ್ರದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಉಪನ್ಯಾಸಕರು ಬೋರ್ಡಿನ ಮೇಲೆ ಲೆಡ್ಜರ್ ಖಾತೆ ಬರೆಯುತ್ತಿದ್ದರು. ಡೆಬಿಟ್ ಪಕ್ಕಕ್ಕೆ ನೀಲಿ ಸೀಮೆಸುಣ್ಣ, ಕ್ರೆಡಿಟ್ ಪಕ್ಕಕ್ಕೆ ಕೆಂಪು. ಪ್ರತಿ ಮೊತ್ತವನ್ನೂ ಬರೆಯುತ್ತ ಗಟ್ಟಿಯಾಗಿ ಹೇಳುತ್ತಿದ್ದರು. ನನ್ನ ಮುಂದಿನ ಸಾಲಿನ ಹುಡುಗನ ಮುಂದೆ ಅಗಲ ಗೆರೆಯ ಹಾಳೆ, ಕಾಲಂಗಳನ್ನು ಮೊದಲೇ ಎಳೆದಿಟ್ಟದ್ದು. 12,500 ಎಂಬುದು ಅವನ ಕೈಯಲ್ಲಿ ಒಮ್ಮೊಮ್ಮೆ 15,200 ಆಗುತ್ತದೆ. ವ್ಯವಹಾರ ಯಾವ ಖಾತೆಗೆ ಹೋಗಬೇಕು ಎಂಬುದರಲ್ಲಿ ಮಾತ್ರ ಅವನು ತಪ್ಪುವುದಿಲ್ಲ. ಮೊದಲೆಲ್ಲ ಕೊನೆಯ ಮೊತ್ತ ತಾಳೆಯಾಗದಿದ್ದರೆ ಇಡೀ ಲೆಕ್ಕಕ್ಕೆ ಸೊನ್ನೆ ಬೀಳುತ್ತಿತ್ತು. ಈಗ ಆಂತರಿಕ ಪರೀಕ್ಷೆಗಳಲ್ಲಿ ಹಂತಹಂತಕ್ಕೂ ಅಂಕ ಕೊಡುತ್ತಾರೆ, ಅಂಕಿಗಳನ್ನು ಬೆರಳಿಟ್ಟು ಮತ್ತೊಮ್ಮೆ ನೋಡಲು ಕೊನೆಗೆ ಐದು ನಿಮಿಷ ಬಿಡುತ್ತಾರೆ. “ಬಣ್ಣದ ಸೀಮೆಸುಣ್ಣ ಶುರು ಮಾಡಿದ್ದು ಇವನೊಬ್ಬನಿಗೋಸ್ಕರ ಸರ್, ಈಗ ಇಡೀ ತರಗತಿಗೇ ಅನುಕೂಲ ಆಗಿದೆ” ಎಂದರು ಉಪನ್ಯಾಸಕರು, ಆಚೆ ಬರುವಾಗ.

ಕನ್ನಡದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಡಿಸ್ಲೆಕ್ಸಿಯಾ ಎಂದೊಡನೆ ನಮಗೆ 2007ರಲ್ಲಿ ಬಂದ ‘ತಾರೇ ಜಮೀನ್ ಪರ್’ ಚಿತ್ರದ ಪುಟ್ಟ ಹುಡುಗ, ತಲೆಕೆಳಗಾಗಿ ಕುಣಿಯುವ ಇಂಗ್ಲಿಷ್ ಅಕ್ಷರಗಳು ನೆನಪಾಗುತ್ತವೆ. ಕನ್ನಡದಲ್ಲಿ ತೊಡಕು ಬೇರೆ ರೀತಿ ಕಾಣುತ್ತದೆ. ನಮ್ಮ ಲಿಪಿಯಲ್ಲಿ ಬರೆದದ್ದನ್ನೇ ಓದುತ್ತೇವೆ, ಓದಿದ್ದನ್ನೇ ಬರೆಯುತ್ತೇವೆ. ಆದರೆ ಕಾಗುಣಿತ, ಒತ್ತಕ್ಷರ ಸೇರಿ ಮಗುವಿಗೆ ಕೈವಶವಾಗಬೇಕಾದ ಅಕ್ಷರರೂಪಗಳು ನಾನೂರಕ್ಕೂ ಹೆಚ್ಚು. ತೊಡಕಿಲ್ಲದ ಮಕ್ಕಳಿಗೂ ಇವೆಲ್ಲ ಹಿಡಿತಕ್ಕೆ ಬರಲು ನಾಲ್ಕೈದು ವರ್ಷ ಬೇಕೆಂದು ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ ಅವರ ಸಂಶೋಧನೆಗಳು ತೋರಿಸಿವೆ. ತೊಡಕಿರುವ ಮಗು ಇನ್ನೂ ತಡವಾಗಿ ಕಲಿಯುತ್ತದೆ, ಕಲಿತ ಮೇಲೂ ನಿಧಾನವಾಗಿ ಓದುತ್ತದೆ. ಪಿಯು ಹೊತ್ತಿಗೆ ತಪ್ಪು ಓದುವುದು ಬಹಳಮಟ್ಟಿಗೆ ಹೋಗಿರುತ್ತದೆ, ನಿಧಾನ ಮಾತ್ರ ಉಳಿದಿರುತ್ತದೆ. ಗಟ್ಟಿಯಾಗಿ ಓದು ಎಂದರೆ ಸರಿಯಾಗಿಯೇ ಓದುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮೂರು ಗಂಟೆಯ ಪತ್ರಿಕೆಯಲ್ಲಿ ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲೇ ಹೊತ್ತು ಹೋಗಿ, ಗೊತ್ತಿದ್ದ ಉತ್ತರಗಳು ಬರೆಯದೆ ಉಳಿಯುತ್ತವೆ. ‘ಓದಿಕೊಂಡಿಲ್ಲ’ ಎಂಬ ತೀರ್ಪು ಬೀಳುವುದು ಹೀಗೆ.

ಇಲ್ಲಿ ಇನ್ನೊಂದು ಸಿಕ್ಕೂ ಇದೆ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನ ವಿಭಾಗಕ್ಕೆ ಬಂದ ಮಕ್ಕಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರವೆಲ್ಲ ಏಕಾಏಕಿ ಇಂಗ್ಲಿಷ್. ಮೊದಲ ಕಿರುಪರೀಕ್ಷೆಯಲ್ಲಿ ಅವರಲ್ಲಿ ಅನೇಕರು ಜಾರುತ್ತಾರೆ. ಹೀಗೆ ಜಾರಿದವರಲ್ಲಿ ಯಾರದು ಮಾಧ್ಯಮ ಬದಲಾದ ಕಷ್ಟ, ಯಾರದು ಕಲಿಕೆಯ ತೊಡಕು? ವಿಶೇಷ ಶಿಕ್ಷಕಿಯ ಉಪಾಯ ಸರಳ: ಅದೇ ಪಾಠವನ್ನು ಕನ್ನಡದಲ್ಲಿ ಕೊಟ್ಟು ಓದಿಸುತ್ತಾರೆ, ಬರೆಸುತ್ತಾರೆ, ಗಡಿಯಾರ ನೋಡುತ್ತಾರೆ. ಕನ್ನಡದಲ್ಲಿ ಸಲೀಸಾಗಿ ಹರಿದರೆ ಆ ಹುಡುಗನಿಗೆ ಬೇಕಾದದ್ದು ಭಾಷೆಯ ಸಹಾಯ, ಪಾರಿಭಾಷಿಕ ಪದಗಳ ಪಟ್ಟಿ, ಒಂದೆರಡು ತಿಂಗಳ ತಾಳ್ಮೆ. ಕನ್ನಡದಲ್ಲೂ ತಡವರಿಸಿದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಈ ಎರಡನ್ನೂ ಒಂದೇ ಎಂದು ತಿಳಿದು ನಡೆಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಮುಂದಿನ ಪರೀಕ್ಷೆಗೆ ಮೈಸೂರಿನ ಮಕ್ಕಳು ದೂರ ಹೋಗಬೇಕಿಲ್ಲ ಎಂಬುದು ಒಂದು ಭಾಗ್ಯ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಊರಿನವರ ಬಾಯಲ್ಲಿ ಅದು ಸ್ಪೀಚ್ ಅಂಡ್ ಹಿಯರಿಂಗ್. ಕನ್ನಡ ಬಲ್ಲ ತಜ್ಞರು ಓದು ಬರಹದ ತೊಡಕನ್ನು ಅಲ್ಲಿ ಪರೀಕ್ಷಿಸುತ್ತಾರೆ. ಪ್ರಮಾಣಪತ್ರಕ್ಕೆ ಮಾತ್ರ ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರದ ಮುಂದೆ ಹೋಗಬೇಕು, ವಿಕಲಚೇತನರ ಗುರುತಿನ ಚೀಟಿಯ ಯುಡಿಐಡಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು. 2018ರ ಅಧಿಸೂಚನೆ ಈ ಪ್ರಮಾಣಪತ್ರಕ್ಕೆ ನಮ್ಮ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆಯನ್ನೇ ಹೇಳಿತು. ಬೆಂಗಳೂರಿನಲ್ಲಿ ಹುಟ್ಟಿದ್ದು ದೇಶಕ್ಕೆಲ್ಲ ಅಳತೆಗೋಲಾದದ್ದು ಹೆಮ್ಮೆಯ ಸಂಗತಿ. ಆದರೆ ಆ ಮಾಲೆಯ ಮೇಲಿನ ಹಂತ ಸಿದ್ಧವಾದದ್ದು 8ರಿಂದ 12 ವರ್ಷದ ಮಕ್ಕಳಿಗಾಗಿ. ಮನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆಂದು ತಯಾರಿಸಿದ ‘ಡಾಲಿ’ ಪರೀಕ್ಷೆಯೂ ಒಂದರಿಂದ ಐದನೇ ತರಗತಿಯವರಿಗೆ. ಹದಿನೇಳರ ಹುಡುಗ ಹತ್ತು ವರ್ಷದವರ ಪಠ್ಯವನ್ನು ಹೇಗೋ ದಾಟಿಬಿಡಬಹುದು, ಅವನ ನಿಜವಾದ ಪರದಾಟ ಇರುವುದು ಪಿಯು ಪಠ್ಯದ ಮುಂದೆ. ಅದಕ್ಕಾಗಿಯೇ ಮೇಡಂ ಆಸ್ಪತ್ರೆಗೆ ಹೋಗುವ ಪ್ರತಿ ವಿದ್ಯಾರ್ಥಿಯ ಜೊತೆ ಒಂದು ಕಟ್ಟು ಕಳಿಸುತ್ತಾರೆ: ತರಗತಿಯ ನೋಟ್‌ಬುಕ್, ಸಮಯ ನಮೂದಿಸಿದ ಉತ್ತರಪತ್ರಿಕೆ, ಅದೇ ಪ್ರಶ್ನೆಗಳಿಗೆ ಬಾಯಲ್ಲಿ ಹೇಳಿದ ಉತ್ತರದ ದಾಖಲೆ. ಪರೀಕ್ಷಿಸುವವರಿಗೆ ಕಾಲೇಜಿನ ದಿನನಿತ್ಯ ಕಾಣುವುದು ಈ ಕಟ್ಟಿನಿಂದ.

ಕೊಠಡಿಗೆ ಹಿಂದಿರುಗುವ ಹೊತ್ತಿಗೆ ಆ ಹಳೆಯ ಕಂಪ್ಯೂಟರಿನ ಮುಂದೆ ಪ್ರಥಮ ಪಿಯು ಹುಡುಗಿಯೊಬ್ಬಳು ಹೆಡ್‌ಫೋನ್ ಹಾಕಿಕೊಂಡು ಇತಿಹಾಸದ ಪಾಠ ಕೇಳುತ್ತಿದ್ದಳು. ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಕನ್ನಡಕ್ಕೂ ಬಂದಿದೆ, ಫೋನಿನಲ್ಲೇ ಸಿಗುತ್ತದೆ. ತೊಂದರೆ ಬರುವುದು ಪಠ್ಯದಲ್ಲಿ. ಉಪನ್ಯಾಸಕರ ಹಳೆಯ ನೋಟ್ಸ್, ಪ್ರಶ್ನಕೋಶಗಳಲ್ಲಿ ಬಹಳಷ್ಟು ಯೂನಿಕೋಡ್‌ಗೆ ಮುಂಚಿನ ನುಡಿ, ಬರಹದ ಫಾಂಟುಗಳಲ್ಲಿ ಟೈಪ್ ಆದವು. ಕಣ್ಣಿಗೆ ಅಚ್ಚ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಓದಲು ಹೇಳಿದರೆ ಏನೇನೋ ಒದರುತ್ತದೆ. ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಕೆಟ್ಟ ಒತ್ತಕ್ಷರ, ಅರ್ಕಾವತ್ತುಗಳನ್ನು ಕೈಯಾರೆ ತಿದ್ದಿದ ಮೇಲೆಯೇ ಅದು ಕಿವಿಗೆ ದಕ್ಕುತ್ತದೆ. ಈ ತಿದ್ದುವ ಕೆಲಸವನ್ನು ಇಲ್ಲಿ ಎನ್ಎಸ್ಎಸ್‌ನ ಮಕ್ಕಳು ವಹಿಸಿಕೊಂಡಿದ್ದಾರೆ. ತಿದ್ದಿದ ಪಾಠಗಳನ್ನು ಪೆನ್‌ಡ್ರೈವಿನಲ್ಲಿ ಬೇರೆ ಕಾಲೇಜಿನವರಿಗೂ ಕೊಡುತ್ತಾರೆ. ಅಚ್ಚು ಓದಲಾಗದವರಿಗೆ ಪುಸ್ತಕ ಒದಗಿಸಲು ಹಕ್ಕುಸ್ವಾಮ್ಯದಲ್ಲಿ ವಿನಾಯಿತಿ ಕೊಡುವ ಮರ್ರಾಕೇಶ್ ಒಪ್ಪಂದಕ್ಕೆ ಜಗತ್ತಿನಲ್ಲಿ ಮೊದಲು ಅನುಮೋದನೆ ಕೊಟ್ಟ ದೇಶ ನಮ್ಮದು, 2014ರಲ್ಲಿ. ಕಣ್ಣಿನ ತೊಂದರೆಯವರ ಜೊತೆಗೆ ಓದಿನ ತೊಡಕಿನವರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಇನ್ನು ಮೇಲಾದರೂ ಹೊಸ ನೋಟ್ಸುಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿದರೆ ಈ ಶ್ರಮ ಉಳಿಯುತ್ತದೆ. ಕನ್ನಡದಲ್ಲಿ ಪಾಠ ಬರೆಯುವ ಪ್ರತಿಯೊಬ್ಬ ಉಪನ್ಯಾಸಕರೂ ಇದನ್ನು ಮನಸ್ಸಿಗೆ ತಂದುಕೊಳ್ಳಲಿ.

ಮಧ್ಯಾಹ್ನ ಊಟದ ಬಿಡುವು ಮುಗಿದ ಮೇಲೆ ಕಿಟಕಿಯ ಪಕ್ಕದ ಡೆಸ್ಕಿಗೆ ಇನ್ನೊಂದು ಕುರ್ಚಿ ಬಂತು. ಸ್ಕ್ರೈಬ್ ಜೊತೆ ಅಭ್ಯಾಸ. ದ್ವಿತೀಯ ಪಿಯು ಕಲಾ ವಿಭಾಗದ ಹುಡುಗ ಹೇಳುತ್ತಾನೆ, ಕೆಳಗಿನ ತರಗತಿಯ ಹುಡುಗಿ ಬರೆಯುತ್ತಾಳೆ. ಸ್ಕ್ರೈಬ್ ಸಿಕ್ಕಿಬಿಟ್ಟರೆ ಎಲ್ಲ ಸುಲಭ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುತ್ತದೆ. ಒಂದು ಗಂಟೆ ಇಲ್ಲಿ ಕೂತರೆ ಆ ಅನಿಸಿಕೆ ಉಳಿಯುವುದಿಲ್ಲ. ಹೇಳಿ ಬರೆಸುವುದೇ ಒಂದು ವಿದ್ಯೆ. ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡು ಹೇಳಬೇಕು, ಅವಳು ಬರೆದು ಮುಗಿಸುವವರೆಗೆ ಮುಂದಿನದನ್ನು ಮರೆಯದೆ ಹಿಡಿದಿರಬೇಕು, ಹೊಸ ಪ್ಯಾರಾ ಎಲ್ಲಿ, ಅಡಿಗೆರೆ ಎಲ್ಲಿ ಎಂದು ಸೂಚಿಸಬೇಕು, ನಕ್ಷೆಯಲ್ಲಿ ಕಾವೇರಿ ಎಲ್ಲಿ ತಿರುಗುತ್ತದೆ ಎಂದು ಮಾತಿನಲ್ಲೇ ತೋರಿಸಬೇಕು. ಹುಡುಗ ಮೊದಲು ಒಂದೇ ಉಸಿರಿಗೆ ನಾಲ್ಕು ವಾಕ್ಯ ಹೇಳಿಬಿಟ್ಟ. ಹುಡುಗಿ ಪೆನ್ ಎತ್ತಿ, “ಅಣ್ಣಾ, ನಿಧಾನ. ‘ಆಡಳಿತ’ ಆದ್ಮೇಲೆ ಏನಂದೆ?” ಎಂದಳು. ಅವನಿಗೇ ನೆನಪಿರಲಿಲ್ಲ. ಮೇಡಂ ದೂರದಿಂದಲೇ, “ಒಂದು ವಾಕ್ಯ ಹೇಳು, ಅವಳ ಕೈ ನೋಡು, ನಿಂತ ಮೇಲೆ ಇನ್ನೊಂದು ಹೇಳು” ಎಂದರು. ಅರ್ಧ ಗಂಟೆಯಲ್ಲಿ ಇಬ್ಬರಿಗೂ ಒಂದು ಲಯ ಕೂಡಿಬಂತು.

ಪರೀಕ್ಷೆಯ ದಿನ ಬೆಳಿಗ್ಗೆ, ಯಾರೆಂದೇ ಗೊತ್ತಿಲ್ಲದ ಸ್ಕ್ರೈಬ್ ಪಕ್ಕ ಮೊದಲ ಸಲ ಕೂರುವ ಮಗುವಿನ ಪಾಡು ಏನಾಗಬೇಡ! ಹೆಚ್ಚುವರಿ ಸಮಯದ ಮಾತೂ ಅಷ್ಟೇ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕು. ಮೂರು ಗಂಟೆಯದು ನಾಲ್ಕಾಗುತ್ತದೆ. ನಾಲ್ಕು ಗಂಟೆ ಒಂದೇ ಕಡೆ ಕೂತು ಮನಸ್ಸನ್ನು ಹಿಡಿದಿಡುವುದನ್ನು ಮೊದಲೇ ರೂಢಿ ಮಾಡದಿದ್ದರೆ ಆ ಹೆಚ್ಚುವರಿ ಗಂಟೆ ಆಕಳಿಕೆಯಲ್ಲೇ ಕಳೆದುಹೋಗುತ್ತದೆ. ಅದಕ್ಕೆ ಇಲ್ಲಿ ಅರ್ಧವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆಗಳಲ್ಲೂ ಇದೇ ವ್ಯವಸ್ಥೆ: ಪ್ರತ್ಯೇಕ ಕೊಠಡಿ, ಅದೇ ಸ್ಕ್ರೈಬ್, ಅದೇ ನಾಲ್ಕು ಗಂಟೆ.

ಇವೆಲ್ಲ ಯಾರೋ ದಯೆಯಿಟ್ಟು ಕೊಡುವ ರಿಯಾಯಿತಿಗಳಲ್ಲ. 1995ರ ಅಂಗವಿಕಲರ ಕಾಯ್ದೆ ಹೆಸರಿಸಿದ ಏಳು ಬಗೆಯ ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿದಾಗ ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್ಕ್ಯಾಲ್ಕುಲಿಯಾಗಳೂ ಒಳಗೆ ಬಂದವು. ಅದರ 17ನೇ ಕಲಂ ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಗಳನ್ನು ಹೆಸರಿಟ್ಟೇ ಹೇಳುತ್ತದೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೆಯಲು ಕೈ ಸಹಕರಿಸದ ಅಭ್ಯರ್ಥಿಗೆ ಶೇ 40ರಷ್ಟು ನ್ಯೂನತೆ ಇರಲೇಬೇಕೆಂಬ ಮಿತಿಯನ್ನು ಮುಂದಿಟ್ಟು ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ಬೆನ್ನಲ್ಲೇ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ತೊಂದರೆಯವರಿಗೂ ಕೇಂದ್ರ ಮಾರ್ಗಸೂಚಿ ಹೊರಡಿಸಿತು. ಇವುಗಳ ಪ್ರತಿಗಳೆಲ್ಲ ಬೀರುವಿನ ಮೇಲ್ತಟ್ಟಿನಲ್ಲಿವೆ. ಕಚೇರಿಯಲ್ಲಿ ಯಾರಾದರೂ ‘ಹಾಗೆಲ್ಲ ಬರೋದಿಲ್ಲ’ ಎಂದರೆ ಮೇಡಂ ಮಾತು ಬೆಳೆಸದೆ ಸಂಬಂಧಪಟ್ಟ ಪುಟ ತೆರೆದಿಡುತ್ತಾರೆ.

ಹಕ್ಕಿದ್ದರೂ ಅದು ಮಗುವಿನ ಡೆಸ್ಕಿನವರೆಗೆ ತಲುಪಲು ದಾರಿ ಉದ್ದ. ಪ್ರಾಂಶುಪಾಲರ ಶಿಫಾರಸು, ಜಿಲ್ಲಾ ಉಪನಿರ್ದೇಶಕರ ಕಚೇರಿ, ಪರೀಕ್ಷಾ ಮಂಡಳಿ, ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರು. ಎಲ್ಲಿ ಒಂದು ಸಹಿ ತಪ್ಪಿದರೂ ಆ ಬೆಳಿಗ್ಗೆ ಮಗು ಎಲ್ಲರ ಹಾಗೆ ಮೂರೇ ಗಂಟೆ ಬರೆದು ಬರಬೇಕಾಗುತ್ತದೆ. ಹಾಲ್ ಟಿಕೆಟ್ ಬಂದ ದಿನವೇ ಮೇಡಂ ಪರೀಕ್ಷಾ ಕೇಂದ್ರಕ್ಕೆ ಹೋಗಿ ಮುಖ್ಯ ಅಧೀಕ್ಷಕರನ್ನು ಮುಖತಃ ಕಂಡು ಪ್ರತಿ ಕೊಟ್ಟು ಬರುತ್ತಾರೆ. ಸಂಯೋಜನೆ ಎಂದರೆ ಇಂಥ ಓಡಾಟ.

ಮೂರೂವರೆಗೆ ಪೋಷಕರ ಹೊತ್ತು. ನಂಜನಗೂಡು ಕಡೆಯ ರೈತರೊಬ್ಬರು ಪಂಚೆ ಸರಿಮಾಡಿಕೊಂಡು ಅಂಚಿನಲ್ಲಿ ಕೂತರು. “ನನ್ ಮಗ ಬಾಳೆಗೊನೆ ಲೆಕ್ಕಾನೆಲ್ಲಾ ಬಾಯಲ್ಲೇ ಹೇಳ್ತಾನೆ ಮೇಡಂ. ದಡ್ಡ ಅಲ್ಲ. ಅವನಿಗ್ಯಾಕೆ ಅಂಗವಿಕಲ ಅಂತ ಕಾರ್ಡು? ನಾಳೆ ಕೆಲಸ ಸಿಗಬೇಕು, ಮದುವೆ ಆಗಬೇಕು.”

“ನಿಮ್ಮ ಮಗನ ಬುದ್ಧಿಗೆ ಯಾರೂ ಕೊರತೆ ಹೇಳ್ತಿಲ್ಲ ಯಜಮಾನ್ರೆ” ಎಂದರು ಮೇಡಂ. “ಓದೋಕೆ ಬರೆಯೋಕೆ ಅವನಿಗೆ ಹೊತ್ತು ಜಾಸ್ತಿ ಬೇಕು. ಆ ಹೊತ್ತನ್ನ ಕೇಳೋಕೆ ನಮಗೊಂದು ಕಾಗದ ಬೇಕು. ಅದನ್ನ ಎಲ್ಲಿ ತೋರಿಸಬೇಕು, ಎಲ್ಲಿ ಬೇಡ ಅನ್ನೋದು ನಿಮ್ಮ ಕೈಲೇ ಇರುತ್ತೆ.” ಶೇ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯಿರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರ ಮೀಸಲಾತಿ ಇದೆ ಎಂಬುದನ್ನೂ ಹೇಳಿದರು. ಅವರು ಅವತ್ತೇ ಒಪ್ಪಲಿಲ್ಲ. ಮನೆಯಲ್ಲಿ ಕೇಳಿ ಬರುತ್ತೇನೆಂದು ಎದ್ದರು. ಬಲವಂತ ಮಾಡುವುದಿಲ್ಲ ಎಂಬುದು ಇಲ್ಲಿನ ಕಟ್ಟುನಿಟ್ಟು. ಹುಡುಗನನ್ನೂ ಕೇಳದೆ ಯಾವ ಅರ್ಜಿಯನ್ನೂ ಹಾಕುವುದಿಲ್ಲ. ಆರನೇ ತರಗತಿಯ ಮಗುವಿನ ಪರವಾಗಿ ದೊಡ್ಡವರು ತೀರ್ಮಾನಿಸಬಹುದು, ಮತ ಹಾಕುವ ವಯಸ್ಸಿನ ಹೊಸ್ತಿಲಲ್ಲಿರುವವರ ವಿಷಯ ಹಾಗಲ್ಲ. ತನಗೆ ಏನು ಬೇಕು ಎಂದು ತಾನೇ ಬಾಯಿಬಿಟ್ಟು ಕೇಳಲು ಕಲಿಯದಿದ್ದರೆ ಮುಂದಿನ ವರ್ಷ ಪದವಿ ಕಾಲೇಜಿನಲ್ಲಿ ಅವನ ಪರವಾಗಿ ಕೇಳಲು ಈ ಮೇಡಂ ಇರುವುದಿಲ್ಲ. ಎಲ್ಲ ಮಕ್ಕಳಿಗೂ ಡಿಸೆಂಬರ್ ಹೊತ್ತಿಗೆ ತಮ್ಮ ಚೀಟಿಯನ್ನು ತಾವೇ ಬರೆಯುವ, ಬರೆಯಲಾಗದವರಿಗೆ ಹೇಳಿ ಬರೆಸುವ ಕೆಲಸ ಕೊಡುತ್ತಾರೆ.

ಕೆಲವು ತೀರ್ಮಾನಗಳು ಸುಲಭವಲ್ಲ. ಭಾಷೆಯ ವಿನಾಯಿತಿ ಕೇಳುವ ಮುಂಚೆ, ಮುಂದೆ ಸೇರಬೇಕೆಂದಿರುವ ಕೋರ್ಸಿನ ಅರ್ಹತಾ ನಿಯಮವನ್ನು ಓದಿಸಿಯೇ ಮುಂದುವರಿಯುತ್ತಾರೆ. ಲೆಕ್ಕದಲ್ಲಿ ತೀರಾ ಕಷ್ಟವಿರುವವರಿಗೆ ಗಣಿತವಿಲ್ಲದ ಕಾಂಬಿನೇಷನ್ ಪಿಯುನಲ್ಲಿ ಸಿಗುತ್ತದೆ, ಅದು ದೊಡ್ಡ ನೆಮ್ಮದಿ. 2023-24ರಿಂದ ದ್ವಿತೀಯ ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಒಟ್ಟಿಗೆ ಆರು ವಿಷಯ ಹೊರಲಾಗದ ಮಗುವಿಗೆ ಇದರಿಂದ ಉಸಿರಾಡಲು ಜಾಗ ಸಿಕ್ಕಿದೆ. ಪ್ರಾಯೋಗಿಕವಿಲ್ಲದ ವಿಷಯಗಳಿಗೆ ಬಂದಿರುವ 20 ಆಂತರಿಕ ಅಂಕವೂ ಒಳ್ಳೆಯದೇ. ಪ್ರಾಜೆಕ್ಟನ್ನು ಬಾಯಲ್ಲಿ ವಿವರಿಸುವ ಅವಕಾಶ ಕೊಟ್ಟರೆ ಈ ಮಕ್ಕಳು ಅಲ್ಲಿ ಮಿಂಚುತ್ತಾರೆ. ಇದ್ಯಾವುದೂ ಒಗ್ಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಐದು ವಿಷಯ, ಐದು ವರ್ಷ, ಒಂಬತ್ತು ಅವಕಾಶ. ಆದರೆ ಕಾಲೇಜು ತನ್ನ ಕೆಲಸ ತಪ್ಪಿಸಿಕೊಳ್ಳಲು ಮಗುವನ್ನು ಅಲ್ಲಿಗೆ ದೂಡಬಾರದು. ಗೆಳೆಯರ ಜೊತೆ ಬೆಂಚಿನಲ್ಲಿ ಕೂತು ಓದುವುದೂ ಆ ವಯಸ್ಸಿನ ಅಗತ್ಯವೇ.

ಪ್ರತಿ ಶಾಲೆಯಲ್ಲೂ ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಅನುಪಾತವನ್ನೂ ಹೇಳಿತು: ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೊಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೊಬ್ಬರು. ಸಮಗ್ರ ಶಿಕ್ಷಣ ಯೋಜನೆಯ ವ್ಯಾಪ್ತಿ ಹನ್ನೆರಡನೇ ತರಗತಿಯವರೆಗೂ ಇದೆ. ಹಾಗಿದ್ದ ಮೇಲೆ ನಮ್ಮ ಪಿಯು ಕಾಲೇಜುಗಳಿಗೂ ಈ ಲೆಕ್ಕ ಅನ್ವಯಿಸಬೇಕು. ಅದಕ್ಕೂ ಮುಂಚೆ, ಯಾವ ಆದೇಶಕ್ಕೂ ಕಾಯದೆ, ಪ್ರತಿ ಕಾಲೇಜೂ ಒಬ್ಬ ಉಪನ್ಯಾಸಕರಿಗೆ ವೇಳಾಪಟ್ಟಿಯಲ್ಲೇ ಹೊತ್ತು ಬಿಟ್ಟುಕೊಟ್ಟು ಈ ಜವಾಬ್ದಾರಿ ಒಪ್ಪಿಸಬಹುದು. ಪುರುಸೊತ್ತಾದಾಗ ನೋಡಿಕೊಳ್ಳಿ ಎಂದರೆ ಇದು ಆಗುವ ಕೆಲಸವಲ್ಲ.

ಮನೆಯಲ್ಲಿ ಈಗ ಹತ್ತನೇ ತರಗತಿಯಲ್ಲಿರುವ, ಓದಲು ಬರೆಯಲು ತಡವರಿಸುವ ಮಗುವಿದ್ದರೆ ಒಂದು ಕೆಲಸ ಮಾಡಿ. ಶಾಲೆ ಬಿಡುವ ಮುಂಚೆ ಅಲ್ಲಿ ಸಿಕ್ಕ ಸವಲತ್ತಿನ ಪತ್ರ, ಪ್ರಮಾಣಪತ್ರ, ಶಿಕ್ಷಕರ ಒಂದು ಪುಟದ ಟಿಪ್ಪಣಿ ತೆಗೆದಿಟ್ಟುಕೊಳ್ಳಿ. ಕಾಲೇಜಿಗೆ ಅರ್ಜಿ ಹಾಕುವ ದಿನವೇ ಅವನ್ನು ಪ್ರಾಂಶುಪಾಲರ ಮೇಜಿನ ಮೇಲಿಡಿ, ಇಲ್ಲಿ ಈ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಜನವರಿಯಲ್ಲಿ ಕೇಳಿದರೆ ತಡವಾಗಿರುತ್ತದೆ. ಜೂನ್‌ನಲ್ಲೇ ಕೇಳಿ.